ಒಂದೇ ಮನೆಯ ದುಃಖ, ಒಬ್ಬನ ಚಿತ್ರ

(ಚಿತ್ರಕಲೆ ಮತ್ತು ಸಾಹಿತ್ಯದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೀಠಿಕೆಯನ್ನು ಬಿಟ್ಟು ಒಂದು ಮನೆಯ ಸಂಗತಿಯಿಂದಲೇ ಆರಂಭಿಸುತ್ತೇನೆ. ನಾರ್ವೆಯ ರಾಜಧಾನಿ ಓಸ್ಲೋವನ್ನು ಆಗ ಕ್ರಿಸ್ಟಿಯಾನಿಯಾ ಎಂದು ಕರೆಯುತ್ತಿದ್ದರು. ಅಲ್ಲಿ ಸೈನ್ಯದ ವೈದ್ಯ ಕ್ರಿಸ್ಟಿಯನ್ ಮುಂಕ್ ಎಂಬವನಿಗೆ ಐದು ಮಕ್ಕಳು: ಸೋಫಿ, ಎಡ್ವರ್ಡ್, ಆಂಡ್ರಿಯಾಸ್, ಲಾರಾ, ಇಂಗರ್. 1868ರ ಡಿಸೆಂಬರ್ ಕೊನೆಯಲ್ಲಿ ತಾಯಿ ಕ್ಷಯದಿಂದ ತೀರಿಕೊಂಡಳು. ಎಡ್ವರ್ಡನಿಗೆ ಆಗತಾನೇ ಐದು ತುಂಬಿತ್ತು. ಇಂಗರ್ ಇನ್ನೂ ವರ್ಷ ತುಂಬದ ಕೂಸು. ತಾಯಿಯ ತಂಗಿ ಕಾರೆನ್ ಬಂದು ಮಕ್ಕಳನ್ನು ಸಾಕಿದಳು. ತಂದೆ ದೈವಭಯ ಅತಿಯಾಗಿದ್ದ ಮನುಷ್ಯ. ಪಾಪದ, ನರಕದ ಮಾತು ಮಕ್ಕಳ ಕಿವಿಗೆ ಬೀಳುತ್ತಲೇ ಇತ್ತು. 1877ರಲ್ಲಿ ಹಿರಿಯ ಮಗಳು ಸೋಫಿಯನ್ನೂ ಕ್ಷಯವೇ ಕೊಂಡೊಯ್ದಿತು. ಅವಳಿಗೆ ಹದಿನೈದು ವರ್ಷ. ಆಂಡ್ರಿಯಾಸ್ ಓದಿ ವೈದ್ಯನಾದ, ಮದುವೆಯಾದ, ಆಗಿ ಕೆಲವೇ ತಿಂಗಳಿಗೆ, 1895ರಲ್ಲಿ, ನ್ಯುಮೋನಿಯಾದಿಂದ ಸತ್ತ. ಲಾರಾಳಿಗೆ ಎಳವೆಯಲ್ಲಿಯೇ ಮನೋರೋಗ ಹಿಡಿಯಿತು. ಅವಳ ಆಯುಷ್ಯದ ಬಹುಭಾಗ ಆಸ್ಪತ್ರೆಗಳಲ್ಲಿ ಕಳೆಯಿತು.

ಎಡ್ವರ್ಡ್ ಮುಂಕ್ ಯಾರೆಂಬುದು ನಿಮಗೆ ಗೊತ್ತು. 1893ರ ‘ಚೀತ್ಕಾರ’ದ ಚಿತ್ರಕಾರ. ಸೇತುವೆಯ ಮೇಲೆ ಕಿವಿ ಮುಚ್ಚಿಕೊಂಡು ಬಾಯಿ ತೆರೆದ ಆ ಮುಖ ಈಗ ಮೊಬೈಲಿನ ಇಮೋಜಿಯಾಗಿಯೂ ನಮ್ಮ ಕೈಯಲ್ಲಿದೆ. ಅವನ ಕುರಿತು ಬರೆಯುವವರೆಲ್ಲರೂ ತಾಯಿಯ ಸಾವು, ಅಕ್ಕನ ಸಾವು, ತಂದೆಯ ನರಕ ಇವುಗಳನ್ನು ಹೇಳಿ, ಆದ್ದರಿಂದ ಈ ಚಿತ್ರಗಳು ಹುಟ್ಟಿದವು ಎನ್ನುತ್ತಾರೆ. ನನ್ನ ತಕರಾರಿರುವುದು ಆ ‘ಆದ್ದರಿಂದ’ದ ಮೇಲೆ. ತಾಯಿ ಸತ್ತದ್ದು ಐದೂ ಮಕ್ಕಳಿಗೆ. ಸೋಫಿಯನ್ನು ಕಳೆದುಕೊಂಡವರು ನಾಲ್ವರು. ಒಂದೇ ಮನೆ, ಒಂದೇ ಚಳಿ, ಒಂದೇ ತಂದೆ. ಚಿತ್ರ ಬರೆದವನು ಒಬ್ಬ. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನರಳಿದವರು ಯಾರೆಂದು ಕೇಳಿದರೆ ನಾನು ಲಾರಾಳ ಹೆಸರು ಹೇಳುತ್ತೇನೆ. ಅವಳಿಂದ ನಮಗೆ ಒಂದು ಚಿತ್ರವೂ ಬಂದಿಲ್ಲ. ಅವಳ ಚಿತ್ರವಿದೆ: ಕಿಟಕಿಯ ಬಳಿ ಕುಳಿತು ಎಲ್ಲಿಯೋ ನೆಟ್ಟ ನೋಟದ ಹೆಂಗಸು. ಅದನ್ನೂ 1899ರ ಹೊತ್ತಿಗೆ ಬರೆದವನು ಅಣ್ಣನೇ. ದುಃಖದ ಅಳತೆಯೇ ಕಲೆಯ ಅಳತೆಯಾಗಿದ್ದರೆ ಕುಂಚ ಇರಬೇಕಾಗಿದ್ದುದು ತಂಗಿಯ ಕೈಯಲ್ಲಿ.

ನಮ್ಮಲ್ಲಿ ಇದೇ ‘ಆದ್ದರಿಂದ’ಕ್ಕೆ ಪ್ರಾಸಬದ್ಧವಾದ ಒಂದು ರೂಪವಿದೆ: ಬೆಂದರೆ ಬೇಂದ್ರೆ. ಸನ್ಮಾನ ಸಮಾರಂಭಗಳಲ್ಲಿ ಅಭಿನಂದನಾ ಭಾಷಣ ಮಾಡುವವರಿಗೆ ಈ ಮಾತು ಸಿದ್ಧೌಷಧ. ಹೇಳಿದ ಕೂಡಲೇ ಚಪ್ಪಾಳೆ ಬೀಳುತ್ತದೆ, ಯಾರೂ ಲೆಕ್ಕ ಕೇಳುವುದಿಲ್ಲ. ಅದೇ ಧಾರವಾಡದಲ್ಲಿ, ಅದೇ ಕಾಲದಲ್ಲಿ, ಮಕ್ಕಳನ್ನು ಮಣ್ಣು ಮಾಡಿದ, ಕೆಲಸ ಕಳೆದುಕೊಂಡ, ಸಾಲದಲ್ಲಿ ಬೆಂದ ಮನೆಗಳು ಎಷ್ಟಿದ್ದಿರಬೇಕು? ಪ್ಲೇಗು, ಇನ್‌ಫ್ಲುಯೆಂಜಾ, ಬರ ಎಲ್ಲವನ್ನೂ ಕಂಡ ತಲೆಮಾರು ಅದು. ಬೆಂದವರು ಸಾವಿರಾರು ಜನ. ಬೇಂದ್ರೆ ಒಬ್ಬರು. ಬೇಯದೆ ಇದ್ದಿದ್ದರೆ ಅವರು ಬರೆಯುತ್ತಿರಲಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಯಾರಿಗೂ ಇಲ್ಲ. ಬೆಂದದ್ದರಿಂದ ಬರೆದರು ಎಂದು ಆಣೆ ಮಾಡಿ ಹೇಳುವ ಅಧಿಕಾರವೂ ಇಲ್ಲ.

ಈಗ ಮುಂಕ್‌ನ ಒಂದೇ ಒಂದು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ‘ಕಾಯಿಲೆಯ ಹುಡುಗಿ’. ಬಿಳಿ ದಿಂಬಿಗೆ ಒರಗಿ ಕುಳಿತ ಕೆಂಗೂದಲಿನ ಹುಡುಗಿ. ಪಕ್ಕದಲ್ಲಿ ತಲೆ ತಗ್ಗಿಸಿ ಕೈ ಹಿಡಿದು ಕುಳಿತ ಹೆಂಗಸು, ಅವಳ ಮುಖ ನಮಗೆ ಕಾಣಿಸುವುದಿಲ್ಲ. ಸೋಫಿಯ ಸಾವಿನ ಚಿತ್ರವಿದು ಎನ್ನುತ್ತೇವೆ. ಸರಿಯೇ. ಆದರೆ ಸೋಫಿ ಸತ್ತದ್ದು 1877ರಲ್ಲಿ, ಚಿತ್ರ ಆರಂಭವಾದದ್ದು 1885ರಲ್ಲಿ. ನಡುವೆ ಎಂಟು ವರ್ಷ. ಆ ಎಂಟು ವರ್ಷದಲ್ಲಿ ಹುಡುಗ ತಾಂತ್ರಿಕ ಕಾಲೇಜಿಗೆ ಸೇರಿದ, ಬಿಟ್ಟ, ಚಿತ್ರಕಲೆ ಕಲಿತ, ಹಿರಿಯ ಚಿತ್ರಕಾರರಿಂದ ತಿದ್ದಿಸಿಕೊಂಡ, ಎಣ್ಣೆಬಣ್ಣದಲ್ಲಿ ಕೈ ಪಳಗಿಸಿಕೊಂಡ. ದುಃಖ ಹದಿಮೂರರಲ್ಲಿಯೇ ಪೂರ್ತಿಯಾಗಿ ಸಿಕ್ಕಿತ್ತು. ಅದನ್ನು ಬರೆಯುವ ಕೈ ಸಿದ್ಧವಾಗಲು ಇಪ್ಪತ್ತೆರಡಾಗಬೇಕಾಯಿತು.

ಇನ್ನೊಂದು ಸಂಗತಿ. ಚಿತ್ರದಲ್ಲಿರುವ ಹುಡುಗಿ ಸೋಫಿಯಲ್ಲ, ಬೆಟ್ಸಿ ಎಂಬ ಹನ್ನೊಂದು ವರ್ಷದ ಬಾಲೆ. ತಂದೆಯ ಜೊತೆ ರೋಗಿಯ ಮನೆಗೆ ಹೋಗಿದ್ದಾಗ ಮುಂಕ್ ಅವಳನ್ನು ಕಂಡ. ತಮ್ಮನಿಗೆ ಕಾಲು ಮುರಿದಿದ್ದ ಸಂಕಟ ಅವಳ ಮುಖದಲ್ಲಿ ಇತ್ತು. ಅವಳನ್ನು ಕರೆತಂದು ಕೂರಿಸಿ ಬರೆದ. ತಲೆ ತಗ್ಗಿಸಿದ ಹೆಂಗಸಿಗೆ ಚಿಕ್ಕಮ್ಮ ಕಾರೆನಳೇ ಕುಳಿತಳು. ಸ್ವಲ್ಪ ಯೋಚಿಸಿ: ಸೋಫಿಯನ್ನು ನಿಜವಾಗಿ ನೋಡಿಕೊಂಡಿದ್ದವಳು, ರಾತ್ರಿಯೆಲ್ಲ ಪಕ್ಕದಲ್ಲಿ ಎದ್ದಿದ್ದವಳು, ಎಂಟು ವರ್ಷದ ಮೇಲೆ ತನ್ನದೇ ದುಃಖವನ್ನು ಅಭಿನಯಿಸಲು ಅಲುಗಾಡದೆ ಕುಳಿತಿದ್ದಾಳೆ, ಹುಡುಗ ಬಣ್ಣ ಕಲಸುತ್ತಿದ್ದಾನೆ. ಒಮ್ಮೆ ಬಳಿದದ್ದನ್ನು ಅವನು ಕೆರೆದು ತೆಗೆದ, ಮತ್ತೆ ಬಳಿದ, ಮತ್ತೆ ಕೆರೆದ. ಹೆಚ್ಚುಕಡಿಮೆ ವರ್ಷವಿಡೀ ನಡೆದ ಈ ಕೆಲಸದ ಗೀರುಗಳು ಕ್ಯಾನ್ವಾಸಿನ ಮೇಲೆ ಈಗಲೂ ಉಳಿದಿವೆ. 1886ರ ಶರತ್ಕಾಲದ ಪ್ರದರ್ಶನದಲ್ಲಿ ಇಟ್ಟಾಗ ಜನ ನಕ್ಕರು, ಪತ್ರಿಕೆಗಳು ಬೈದವು, ಮುಗಿಯದ ಚಿತ್ರ ಎಂದರು.

ಮುಂದಿನದು ದುಃಖದ ಆರಾಧಕರಿಗೆ ಸಹಿಸಲಾಗದ ಭಾಗ. ಈ ಚಿತ್ರವನ್ನು ಮುಂಕ್ ಆರು ಸಲ ಬರೆದ. ಸುಮಾರು ನಲವತ್ತು ವರ್ಷಗಳ ಅವಧಿಯಲ್ಲಿ, ಆರು ವರ್ಣಚಿತ್ರಗಳು. ಅಚ್ಚಿನ ಪ್ರತಿಗಳು ಬೇರೆ. ಎರಡನೆಯದನ್ನು 1896ರಲ್ಲಿ ಪ್ಯಾರಿಸಿನಲ್ಲಿ ಬರೆದದ್ದು ಓಲಾಫ್ ಶೌ ಎಂಬ ಉದ್ಯಮಿ ಬೇಕೆಂದು ಕೇಳಿದ್ದರಿಂದ. ಅಕ್ಕನ ಸಾವನ್ನು ಆರ್ಡರಿನ ಮೇಲೆ ಬರೆದುಕೊಟ್ಟನೇ ಎಂದು ನಿಮಗೆ ಕಸಿವಿಸಿಯಾದರೆ ಆಗಲಿ. ನನಗೆ ಇದರಲ್ಲಿ ಕೊಂಚವೂ ಅಪ್ರಾಮಾಣಿಕತೆ ಕಾಣುವುದಿಲ್ಲ. 1907ರ ಪ್ರತಿಯೊಂದರಲ್ಲಿ ಹಸಿರು, ಕೆಂಪು ಎಷ್ಟು ಬಿರುಸಾಗಿವೆ ಎಂದರೆ ಮೊದಲನೆಯದರ ಪಕ್ಕದಲ್ಲಿ ಇಟ್ಟರೆ ಬೇರೊಬ್ಬನ ಕೈ ಎನ್ನಿಸುತ್ತದೆ. ಆ ಪ್ರತಿ ಡ್ರೆಸ್ಡೆನ್ ನಗರದ ಸಂಗ್ರಹದಲ್ಲಿತ್ತು. ಇದು ಕೆಟ್ಟುಹೋದ ಕಲೆ ಎಂದು ನಾಜಿಗಳು ಹೊರಹಾಕಿ ಮಾರಿದರು. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಸಾವು ಒಂದೇ, ಅದು ಬದಲಾಗಲಿಲ್ಲ. ಬದಲಾದದ್ದು ಚಿತ್ರಕಾರ ಆ ವರ್ಷಗಳಲ್ಲಿ ಬಣ್ಣದ ಬಗ್ಗೆ ಕಲಿತದ್ದು.

ಡಚ್ ಚಿತ್ರಕಾರ ವ್ಯಾನ್ ಗೋ ಹೆಸರು ಇನ್ನೂ ಯಾಕೆ ಬರಲಿಲ್ಲ ಎಂದು ಕೆಲವರು ಕಾಯುತ್ತಿರಬಹುದು. ಅವನು ತನ್ನ ಕಿವಿಯನ್ನೇ ಕತ್ತರಿಸಿಕೊಂಡ ಕಥೆಯನ್ನು ನಾನು ಹೇಳುವುದಿಲ್ಲ. ಅದನ್ನು ಕೇಳದೆ ಇರುವವರು ಈ ಸಭೆಯಲ್ಲಿ ಇರಲಾರರು. ದಕ್ಷಿಣ ಫ್ರಾನ್ಸಿನ ಸೇಂಟ್ ರೆಮಿಯ ಮನೋರೋಗದ ಆಸ್ಪತ್ರೆಯ ಒಂದು ವರ್ಷದ ದಿನಚರಿಯನ್ನು ಮಾತ್ರ ನೋಡೋಣ. 1889ರ ಮೇ ತಿಂಗಳಿನಲ್ಲಿ ತಾನೇ ಹೋಗಿ ಅಲ್ಲಿ ಸೇರಿಕೊಂಡ. ‘ನಕ್ಷತ್ರಗಳ ರಾತ್ರಿ’ ಬರೆದದ್ದು ಜೂನ್ ತಿಂಗಳಿನಲ್ಲಿ, ಮನಸ್ಸು ತಕ್ಕಮಟ್ಟಿಗೆ ಶಾಂತವಾಗಿದ್ದ ದಿನಗಳಲ್ಲಿ. ಜುಲೈ ಮಧ್ಯದಲ್ಲಿ ಕಾಯಿಲೆ ಮರುಕಳಿಸಿತು. ಬಣ್ಣವನ್ನೇ ತಿನ್ನಲು ಹೋದದ್ದರಿಂದ ಬಣ್ಣ, ಕುಂಚ ಎಲ್ಲವನ್ನೂ ಕೈಯಿಂದ ದೂರ ಇಟ್ಟರು. ಆಗಸ್ಟ್ ಕೊನೆಯವರೆಗೆ ಚಿತ್ರವಿಲ್ಲ. ಮುಂದಿನ ವರ್ಷದ ಆರಂಭದಲ್ಲಿ ಬಂದ ದೀರ್ಘ ಆಘಾತದಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ನೆನಪಿನಿಂದ ಬರೆದ ಕೆಲವು ಸಣ್ಣ ಚಿತ್ರಗಳಷ್ಟೇ. ಆ ವರ್ಷದಲ್ಲಿ ಅವನು ಮುಗಿಸಿದ್ದು ಸುಮಾರು ನೂರೈವತ್ತು ವರ್ಣಚಿತ್ರ. ಅವುಗಳಲ್ಲಿ ಬಹುಪಾಲು ಕಾಯಿಲೆ ಬಿಟ್ಟುಕೊಟ್ಟ ದಿನಗಳ ಗಳಿಕೆ. ಹುಚ್ಚು ಅವನಿಗೆ ಚಿತ್ರ ಬರೆಸಿತು ಎನ್ನುವವರು ಈ ತಾರೀಖುಗಳನ್ನು ನೋಡುವ ತೊಂದರೆ ತೆಗೆದುಕೊಂಡಿಲ್ಲ. ಹುಚ್ಚು ಅವನ ದಿನಗಳನ್ನು ಕದ್ದಿತು, ಅವನು ಉಳಿದ ದಿನಗಳಲ್ಲಿ ಬರೆದ. ತಮ್ಮನಿಗೆ ಬರೆದ ಪತ್ರಗಳಲ್ಲಿ ಕೆಲಸವೇ ತನಗೆ ಮದ್ದು ಎಂಬ ಅರ್ಥದ ಮಾತು ಮತ್ತೆ ಮತ್ತೆ ಬರುತ್ತದೆ. ಅವನೇ ಹೇಳುತ್ತಿರುವಾಗ ರೋಗವನ್ನೇ ಮದ್ದಿನ ಜಾಗದಲ್ಲಿ ಕೂರಿಸುವ ಹಟ ನಮಗೆ ಏಕೆ?

ಆ ತಮ್ಮನ ಬಗ್ಗೆ ಒಂದು ಮಾತು. ಪ್ಯಾರಿಸಿನಲ್ಲಿ ಚಿತ್ರ ಮಾರುವ ಅಂಗಡಿಯ ನೌಕರ ತೆಯೋ. ತಿಂಗಳು ತಿಂಗಳು ಅಣ್ಣನಿಗೆ ಹಣ ಕಳುಹಿಸಿದ, ಬಣ್ಣದ ಟ್ಯೂಬು, ಕ್ಯಾನ್ವಾಸು ಕಳುಹಿಸಿದ, ಆಸ್ಪತ್ರೆಯ ಖರ್ಚು ಕಟ್ಟಿದ. ಅಣ್ಣ ಸತ್ತು ಆರು ತಿಂಗಳಿಗೆ ಅವನೂ ಸತ್ತ. ಉಳಿದ ಚಿತ್ರಗಳ ರಾಶಿಯನ್ನು, ಪತ್ರಗಳ ಪೆಟ್ಟಿಗೆಯನ್ನು ಎಸೆಯದೆ ಕಾಪಾಡಿ, 1914ರಲ್ಲಿ ಪತ್ರಗಳನ್ನು ಅಚ್ಚು ಹಾಕಿಸಿ, ಪ್ರದರ್ಶನಗಳನ್ನು ಏರ್ಪಡಿಸಿ ಜಗತ್ತಿಗೆ ವ್ಯಾನ್ ಗೋವನ್ನು ಕೊಟ್ಟವಳು ತೆಯೋನ ಹೆಂಡತಿ ಯೋ. ಕೈಯಲ್ಲಿ ಎಳೆ ಮಗುವಿದ್ದ ವಿಧವೆ. ಇವಳ ದುಃಖವನ್ನು ಕಲೆಯ ಇತಿಹಾಸ ಯಾವ ಖಾತೆಗೆ ಬರೆದುಕೊಳ್ಳುತ್ತದೆ?

ಇಲ್ಲಿಗೆ ನಮ್ಮ ಬೇಂದ್ರೆಯವರ ಬಳಿಗೆ ಮರಳುತ್ತೇನೆ. 1938ರ ‘ನಾದಲೀಲೆ’ಯಲ್ಲಿರುವ ‘ನೀ ಹೀಂಗ ನೋಡಬ್ಯಾಡ ನನ್ನ’ ನಮಗೆಲ್ಲ ಬಾಯಿಪಾಠ. ಹಾಡುಗಾರರ ದಯೆಯಿಂದ ಅದನ್ನು ಪ್ರೇಮಗೀತೆ ಎಂದುಕೊಂಡವರೂ ಇದ್ದಾರೆ. ಅದು ಮಗುವನ್ನು ಕಳೆದುಕೊಂಡ ಮನೆಯ ಪದ್ಯ. ಹೆಂಡತಿ ನೋಡುತ್ತಿದ್ದಾಳೆ; ಗಂಡ ಹಾಗೆ ನೋಡಬೇಡ ಎನ್ನುತ್ತಿದ್ದಾನೆ. ಹಗಲಿನ ಆಕಾಶದಲ್ಲಿ ತೇಲುವ ಹುಣ್ಣಿಮೆ ಚಂದ್ರನ ಹೆಣ ಅವಳ ಮುಖದಲ್ಲಿ ಅವನಿಗೆ ಕಾಣುತ್ತದೆ. ಅಳುವುದಾದರೆ ಅತ್ತುಬಿಡು, ನಕ್ಕು ಮರೆಸಬೇಡ, ತುಟಿ ಕಚ್ಚಿ ಬಿಕ್ಕು ತಡೆಯಬೇಡ ಎನ್ನುತ್ತಾನೆ. ಎಂತಹ ಪದ್ಯ! ಇದನ್ನು ಎಷ್ಟು ಸಲ ಓದಿದರೂ ಗಂಟಲು ಕಟ್ಟುತ್ತದೆ.

ಆದರೆ ಪದ್ಯದ ಒಳಗೇ ಇರುವ ಲೆಕ್ಕವನ್ನು ಗಮನಿಸಿ. ಮಗು ಇಬ್ಬರದು. ದುಃಖ ಇಬ್ಬರದು; ಹೆತ್ತವಳದ್ದು ಒಂದು ತೂಕ ಹೆಚ್ಚೆಂದೇ ಪದ್ಯ ಒಪ್ಪುತ್ತದೆ, ಇಲ್ಲದಿದ್ದರೆ ಅವನು ಅವಳ ನೋಟಕ್ಕೆ ಹೆದರಬೇಕಾಗಿರಲಿಲ್ಲ. ಪದ್ಯ ಬರೆದವರು ಒಬ್ಬರು. ಅವರ ಹೆಂಡತಿ ಲಕ್ಷ್ಮೀಬಾಯಿಯವರು ಬೇಯಲಿಲ್ಲವೇ? ಬೆಂದರು. ಬೇಂದ್ರೆಯಾಗಲಿಲ್ಲ. ಗಂಡನಿಗೆ ಕೆಲಸವಿಲ್ಲದ ವರ್ಷಗಳಲ್ಲಿ ಒಲೆ ಹಚ್ಚಿದವರು, ಬಂದ ರಸಿಕರಿಗೆಲ್ಲ ಚಹಾ ಕೊಟ್ಟವರು ಅವರೇ ಇರಬೇಕು. ಜಾನಪದ ಮಟ್ಟನ್ನು ಕಿವಿಯಲ್ಲಿ ತುಂಬಿಕೊಂಡಿದ್ದು, ಧಾರವಾಡದ ಮಾತಿನ ಏರಿಳಿತ ಗೊತ್ತಿದ್ದು, ಸಾಲು ಸಾಲಿಗೂ ಪ್ರಾಸ ಕೂಡಿಸುವ ಕಸುಬು ವರ್ಷಗಳಿಂದ ಪಳಗಿದ್ದು, ಇವೆಲ್ಲ ಮಗು ಸಾಯುವ ಮೊದಲೇ ಕವಿಯ ಬಳಿ ಇದ್ದವು. ಸಾವು ಇವುಗಳಲ್ಲಿ ಒಂದನ್ನೂ ಕೊಡಲಿಲ್ಲ. ಅದು ಕೊಟ್ಟದ್ದು ವಸ್ತುವನ್ನು. ವಸ್ತು ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ವಸ್ತು ಎಲ್ಲರ ಮನೆಯಲ್ಲಿಯೂ ಇರುತ್ತದೆ.

ಬೇಂದ್ರೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ‘ಎನ್ನ ಪಾಡೆನಗಿರಲಿ, ಅದರ ಹಾಡನ್ನಷ್ಟೆ ನೀಡುವೆನು ರಸಿಕ ನಿನಗೆ’ ಎಂದವರು ಅವರು. ತಮ್ಮ ಪಾಡನ್ನು ನಮ್ಮಿಂದ ಬಚ್ಚಿಟ್ಟ ಕವಿಯ ಪಾಡನ್ನೇ ಅಗೆದು ತೆಗೆದು, ಅದಕ್ಕೇ ಹಾರ ಹಾಕಿ, ಅದರ ಮೇಲೊಂದು ಗಾದೆ ಕಟ್ಟಿದವರು ನಾವು.

ಈ ವಿಷಯದಲ್ಲಿ ನಮ್ಮ ಪರಂಪರೆಯೂ ಹೊರಗಿನವರು ತಿಳಿದುಕೊಂಡಷ್ಟು ಸರಳವಾಗಿಲ್ಲ. ಬೇಡ ಕ್ರೌಂಚವನ್ನು ಹೊಡೆದ, ಹೆಣ್ಣು ಹಕ್ಕಿ ಅತ್ತಿತು, ವಾಲ್ಮೀಕಿಯ ಬಾಯಿಂದ ಶ್ಲೋಕ ಬಂತು. ಆದಿಕವಿಯ ಶೋಕವೇ ಶ್ಲೋಕವಾಯಿತು ಎಂದು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಕಾವ್ಯಮೀಮಾಂಸಕ ಆನಂದವರ್ಧನ ಬರೆದ. ಬೆಂದರೆ ಬೇಂದ್ರೆಯ ಮೂಲಪುರುಷ ಇದೇ ಎಂದು ನಾವು ನಂಬಿದ್ದೇವೆ. ಆದರೆ ಸುಮಾರು ನೂರು ವರ್ಷದ ಮೇಲೆ ಅದೇ ಕಾಶ್ಮೀರದ ಅಭಿನವಗುಪ್ತ ಈ ಸಾಲಿಗೆ ವ್ಯಾಖ್ಯಾನ ಬರೆಯುತ್ತ ಒಂದು ಎಚ್ಚರಿಕೆ ಕೊಟ್ಟ: ‘ನ ತು ಮುನೇಃ ಶೋಕ ಇತಿ ಮಂತವ್ಯಮ್’. ಅದು ಮುನಿಯ ಸ್ವಂತ ಶೋಕ ಎಂದು ತಿಳಿಯಬೇಡಿ. ಮುನಿಯೇ ದುಃಖದಲ್ಲಿ ಬೇಯುತ್ತಿದ್ದರೆ ಅವನಿಂದ ಕಾವ್ಯ ಬರುತ್ತಿರಲಿಲ್ಲ, ದುಃಖದಿಂದ ಕುದಿಯುತ್ತಿರುವವನ ಸ್ಥಿತಿ ಅಂಥದ್ದಲ್ಲ ಎಂಬುದು ಅವನ ವಾದ. ಮುನಿಯ ಮನಸ್ಸು ಹಕ್ಕಿಯ ದುಃಖದಲ್ಲಿ ಕರಗಿತು, ತುಂಬಿದ ಕೊಡ ತುಳುಕಿದಂತೆ ತುಳುಕಿತು, ಛಂದಸ್ಸಿನ ಕಟ್ಟಿನೊಳಗೆ ನಿಂತು ಶ್ಲೋಕವಾಯಿತು. ಅತ್ತದ್ದು ಹಕ್ಕಿ. ಹಾಡಿದ್ದು ಮುನಿ. ಓಸ್ಲೋದ ಮನೆಯ, ಧಾರವಾಡದ ಮನೆಯ ಲೆಕ್ಕವೇ ತಮಸಾ ತೀರದಲ್ಲಿಯೂ ಇದೆ.

ಹಾಗಾದರೆ ಸ್ವಂತ ದುಃಖವನ್ನೇ ಬರೆಯುವವರ ಗತಿ ಏನು? ನನ್ನ ಉತ್ತರ ಇಷ್ಟೇ: ಅವರು ಹಕ್ಕಿಯೂ ಹೌದು, ಮುನಿಯೂ ಹೌದು, ಆದರೆ ಎರಡೂ ಒಂದೇ ಗಳಿಗೆಯಲ್ಲಿ ಅಲ್ಲ. ಮುಂಕ್‌ಗೆ ಆ ಎರಡು ಗಳಿಗೆಗಳ ನಡುವೆ ಎಂಟು ವರ್ಷ ಬೇಕಾಯಿತು. ಇನ್ನೊಬ್ಬರಿಗೆ ಒಂದು ರಾತ್ರಿ ಸಾಕಾಗಬಹುದು. ಆ ನಡುವಿನ ಅವಧಿಯಲ್ಲಿ ಮನುಷ್ಯ ಬದುಕಿರಬೇಕು, ಹೊಟ್ಟೆಗೆ ಬೀಳಬೇಕು, ಯಾರಾದರೂ ಬಾಡಿಗೆ ಕಟ್ಟಬೇಕು. ಕಾರೆನ್, ತೆಯೋ, ಲಕ್ಷ್ಮೀಬಾಯಿ ಇವರ ಹೆಸರನ್ನು ನಾನು ಪದೇ ಪದೇ ಎತ್ತುತ್ತಿರುವುದು ಇದಕ್ಕೇ.

ವಿಜ್ಞಾನ ಏನು ಹೇಳುತ್ತದೆ? ವಿಷಣ್ಣ ಸ್ವಭಾವದವರೇ ಏಕೆ ಕಾವ್ಯದಲ್ಲಿ, ತತ್ತ್ವಶಾಸ್ತ್ರದಲ್ಲಿ ಮುಂದೆ ಬರುತ್ತಾರೆ ಎಂಬ ಪ್ರಶ್ನೆ ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಗ್ರೀಕ್ ಗ್ರಂಥವೊಂದರಲ್ಲಿಯೇ ಇದೆ. ಎಣಿಸಿ ನೋಡುವ ಕೆಲಸ ಆರಂಭವಾದದ್ದು ತೀರ ಇತ್ತೀಚೆಗೆ. ಅಮೆರಿಕದ ಮನೋವೈದ್ಯೆ ನ್ಯಾನ್ಸಿ ಆಂಡ್ರಿಯಾಸನ್ 1987ರಲ್ಲಿ ಅಯೋವಾದ ಪ್ರಸಿದ್ಧ ಲೇಖಕರ ಕಮ್ಮಟದ 30 ಲೇಖಕರನ್ನು ಸಂದರ್ಶಿಸಿದ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇಕಡಾ 80ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಯಂತಹ ಭಾವಸಂಬಂಧಿ ಕಾಯಿಲೆ ಅನುಭವಿಸಿದ್ದರು; ಹೋಲಿಕೆಗೆ ತೆಗೆದುಕೊಂಡ ಇತರರಲ್ಲಿ ಶೇಕಡಾ 30. ಇದನ್ನು ಉಲ್ಲೇಖಿಸದ ಲೇಖನವಿಲ್ಲ. ಆದರೆ ಮೂವತ್ತೇ ಜನ. ಯಾರು ಲೇಖಕರು, ಯಾರು ಅಲ್ಲ ಎಂಬುದು ಸಂದರ್ಶಕರಿಗೆ ಮೊದಲೇ ಗೊತ್ತು. ಸ್ವೀಡನ್ನಿನಲ್ಲಿ ಸೈಮನ್ ಕ್ಯಾಗಾ ಮತ್ತು ಸಂಗಡಿಗರು ಸುಮಾರು 12 ಲಕ್ಷ ರೋಗಿಗಳ ದಾಖಲೆಗಳನ್ನು ಇಟ್ಟುಕೊಂಡು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ಗಟ್ಟಿ. ಸೃಜನಶೀಲ ವೃತ್ತಿಗಳಲ್ಲಿರುವವರಿಗೆ ಒಟ್ಟಾರೆಯಾಗಿ ಮನೋರೋಗ ಹೆಚ್ಚೇನೂ ಇಲ್ಲ, ಉನ್ಮಾದ, ಖಿನ್ನತೆ ಎರಡೂ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಯೊಂದನ್ನು ಬಿಟ್ಟರೆ. ಲೇಖಕರ ಕಥೆ ಬೇರೆ: ಅವರಲ್ಲಿ ಹಲವು ಕಾಯಿಲೆಗಳು ಹೆಚ್ಚು, ಆತ್ಮಹತ್ಯೆಯ ಪ್ರಮಾಣ ಉಳಿದವರಿಗಿಂತ ಸುಮಾರು ಶೇಕಡಾ 50ರಷ್ಟು ಹೆಚ್ಚು. ಇದು ನನ್ನ ವಾದಕ್ಕೆ ಅನುಕೂಲವಲ್ಲ. ಆದರೂ ಹೇಳಲೇಬೇಕು.

ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಹೆಚ್ಚು ಕುತೂಹಲದ್ದು. ಸ್ಕಿಜೋಫ್ರೇನಿಯಾ, ಬೈಪೋಲಾರ್ ಇರುವವರ ಹತ್ತಿರದ ರಕ್ತಸಂಬಂಧಿಗಳು ಕಲೆಯ ವೃತ್ತಿಗಳಲ್ಲಿ ನಿರೀಕ್ಷೆಗಿಂತ ಹೆಚ್ಚಾಗಿ ಕಾಣಿಸುತ್ತಾರೆ. ಕಾಯಿಲೆ ಒಬ್ಬರಿಗೆ, ಕಲೆ ಒಡಹುಟ್ಟಿದವರಿಗೆ. ಲಾರಾ ಮತ್ತು ಎಡ್ವರ್ಡ್ ನೆನಪಾಗುತ್ತಾರಲ್ಲವೇ? ಒಂದು ಮನೆಯಿಂದ ಏನನ್ನೂ ಸಾಧಿಸಿ ತೋರಿಸಲು ಆಗುವುದಿಲ್ಲ. ಆದರೆ ಹತ್ತಿರದ ಬೆಂಕಿಯ ಕಾವು ತಾಕುವುದಕ್ಕೂ ಅದರಲ್ಲಿ ಬೀಳುವುದಕ್ಕೂ ಇರುವ ವ್ಯತ್ಯಾಸವನ್ನು ಈ ಅಂಕಿಗಳು ಸೂಚಿಸುತ್ತವೆ ಎಂದು ನನ್ನ ಊಹೆ.

ಮುಂಕ್ ಇಲ್ಲಿದ್ದಿದ್ದರೆ ನನ್ನನ್ನು ಒಪ್ಪುತ್ತಿರಲಿಲ್ಲ. ತನ್ನ ನೋವುಗಳು ತನ್ನ ಕಲೆಯಿಂದ ಬೇರೆಯಲ್ಲ, ಅವು ಹೋದರೆ ಕಲೆಯೂ ಹೋಗುತ್ತದೆ ಎಂದು ಅವನೇ ಬರೆದುಕೊಂಡಿದ್ದಾನೆ. ‘ಚೀತ್ಕಾರ’ದ ಎಡ ಮೇಲ್ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸಣ್ಣ ಸಾಲಿದೆ: ಹುಚ್ಚನೊಬ್ಬನಿಂದ ಮಾತ್ರ ಇದನ್ನು ಬರೆಯಲು ಸಾಧ್ಯ. ಯಾರೋ ನೋಡುಗ ಗೀಚಿದ ಕುಚೋದ್ಯ ಎಂದು ಬಹುಕಾಲ ಅಂದುಕೊಂಡಿದ್ದರು. 2021ರಲ್ಲಿ ನಾರ್ವೆಯ ರಾಷ್ಟ್ರೀಯ ಸಂಗ್ರಹಾಲಯದವರು ಅತಿಗೆಂಪು ಕಿರಣದ ಛಾಯಾಚಿತ್ರ ತೆಗೆದು ಪರೀಕ್ಷಿಸಿ, ಅದು ಮುಂಕ್‌ನದ್ದೇ ಕೈಬರಹ ಎಂದರು. 1895ರಲ್ಲಿ ವಿದ್ಯಾರ್ಥಿ ಸಂಘದ ಚರ್ಚೆಯೊಂದರಲ್ಲಿ ವೈದ್ಯ ವಿದ್ಯಾರ್ಥಿಯೊಬ್ಬ ಈ ಚಿತ್ರಕಾರನ ಬುದ್ಧಿಸ್ವಾಸ್ಥ್ಯದ ಬಗ್ಗೆಯೇ ಶಂಕೆ ಎತ್ತಿದ್ದ. ಆ ಗಾಯಕ್ಕೆ ಕೊಟ್ಟ ಉತ್ತರವಿರಬಹುದು. ಹುಚ್ಚ ಎನ್ನಿಸಿಕೊಂಡ ಅವಮಾನ, ಹುಚ್ಚ ಎನ್ನಿಸಿಕೊಳ್ಳುವುದರಲ್ಲಿ ಸಣ್ಣ ಹೆಮ್ಮೆ, ಎರಡೂ ಆ ಸಾಲಿನಲ್ಲಿವೆ. ಕಲಾವಿದರು ತಮ್ಮ ಬಗ್ಗೆ ಹೇಳುವ ಮಾತನ್ನೂ ಪರೀಕ್ಷಿಸಿಯೇ ನಂಬಬೇಕು.

ಏಕೆಂದರೆ ಮುಂದೆ ಆದದ್ದು ಬೇರೆ. ಕುಡಿತ, ಭ್ರಮೆ, ಜಗಳಗಳಿಂದ ಕುಸಿದು 1908ರಲ್ಲಿ ಅವನು ಕೋಪನ್‌ಹೇಗನ್ನಿನ ಡಾಕ್ಟರ್ ಯಾಕೋಬ್ಸನ್ ಅವರ ಚಿಕಿತ್ಸಾಲಯ ಸೇರಿದ. ತಿಂಗಳುಗಟ್ಟಲೆ ಇದ್ದು, 1909ರಲ್ಲಿ ಗುಣವಾಗಿ ಹೊರಬಂದ. ಕಲೆ ಸತ್ತಿತೇ? ಅದಾದ ಮೇಲೆ ಸುಮಾರು 35 ವರ್ಷ ಬದುಕಿದ, ಬಿಡದೆ ಬರೆದ. ಓಸ್ಲೋ ವಿಶ್ವವಿದ್ಯಾಲಯದ ಸಭಾಭವನದ ಗೋಡೆಯನ್ನು ತುಂಬಿರುವ ‘ಸೂರ್ಯ’ ಆ ನಂತರದ್ದು. ಪ್ರಸಿದ್ಧ ಚಿತ್ರಗಳು 1890ರ ದಶಕದವು ಎಂಬುದು ನಿಜ. ಗುಣವಾದ ಮೇಲೆ ಅವನು ಸಪ್ಪೆಯಾದ ಎನ್ನುವ ವಿಮರ್ಶಕರಿದ್ದಾರೆ. ನಾನು ಅವರಿಗೆ ಒಂದೇ ಒಂದು ಚಿತ್ರ ತೋರಿಸುತ್ತೇನೆ. ಎಂಬತ್ತರ ಹತ್ತಿರದ ಮುದುಕ ತನ್ನನ್ನೇ ಬರೆದುಕೊಂಡದ್ದು: ಒಂದು ಕಡೆ ಮುಳ್ಳಿಲ್ಲದ ಗಡಿಯಾರ, ಇನ್ನೊಂದು ಕಡೆ ಮಂಚ, ನಡುವೆ ಕೈ ಇಳಿಬಿಟ್ಟು ನಿಂತ ಅವನು. ಅದರಲ್ಲಿ ಚೀತ್ಕಾರವಿಲ್ಲ, ಆದರೆ ಸಾವನ್ನು ಇಷ್ಟು ನೆಟ್ಟಗೆ ನೋಡಿದ ಸ್ವಚಿತ್ರಗಳು ಕಡಿಮೆ. ಅದನ್ನು ಬರೆಯಲು ಅವನು ಮೊದಲು ಎಂಬತ್ತರವರೆಗೆ ಬದುಕಬೇಕಾಗಿತ್ತು.

ನೊಂದ ಕಲಾವಿದನ ಕಥೆಯಿಂದ ಲಾಭ ಯಾರಿಗೆ ಎಂದು ಕೇಳಿಕೊಂಡರೆ, ಕಲಾವಿದನಿಗಂತೂ ಅಲ್ಲ. ನಮಗೆ. ಕಷ್ಟದಲ್ಲಿಯೇ ಕಲೆ ಅರಳುತ್ತದೆ ಎಂದು ನಂಬಿದ ಸಮಾಜಕ್ಕೆ ಕಲಾವಿದನ ಕಷ್ಟ ಕಳೆಯುವ ಹೊಣೆ ಇರುವುದಿಲ್ಲ. ಕವಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅದೇ ವೇದಿಕೆಯ ಶಾಮಿಯಾನದವರಿಗೆ, ಮೈಕಿನವರಿಗೆ ನಗದು. ಶಾಮಿಯಾನ ಹಾಕುವವರು ನೊಂದಷ್ಟೂ ಚೆನ್ನಾಗಿ ಶಾಮಿಯಾನ ಹಾಕುತ್ತಾರೆ ಎಂದು ಯಾರೂ ಹೇಳುವುದಿಲ್ಲ ನೋಡಿ. (ಇಲ್ಲಿಯ ಸಂಘಟಕರು ನಗುತ್ತಿದ್ದಾರೆ, ಅವರನ್ನು ಕುರಿತು ಹೇಳಿದ್ದಲ್ಲ.) ಬದುಕಿದ್ದಾಗ ಬಾಡಿಗೆಗೆ ಪರದಾಡಿದವರ ಬಡತನವನ್ನು ಸತ್ತ ಮೇಲೆ ಸ್ಮರಣ ಸಂಚಿಕೆಯಲ್ಲಿ ಸಾಧನೆಯೆಂಬಂತೆ ಅಚ್ಚು ಹಾಕುತ್ತೇವೆ. ಈ ಸಭೆಯಲ್ಲಿರುವ ಎಳೆಯರಿಗೆ ಇದರಿಂದ ಇನ್ನೊಂದು ಅಪಾಯವಿದೆ. ಮನಸ್ಸು ಕುಸಿಯುತ್ತಿರುವಾಗ ಅದನ್ನು ಕಾಯಿಲೆ ಎಂದು ಗುರುತಿಸದೆ, ಪ್ರತಿಭೆಯ ಲಕ್ಷಣವೆಂದು ಸಾಕಿಕೊಳ್ಳುವ ಅಪಾಯ.

ಉಪನ್ಯಾಸದ ನಂತರ ಒಬ್ಬ ಹುಡುಗ ಎದ್ದು ಕೇಳಿದ: “ಸರ್, ನನಗೆ ಅಂಥ ದುಃಖವೇನೂ ಇಲ್ಲ. ಅಪ್ಪ, ಅಮ್ಮ ಚೆನ್ನಾಗಿದ್ದಾರೆ. ನಾನು ಏನನ್ನು ಬರೆಯಲಿ?” ಸಭೆ ನಕ್ಕಿತು. ನಾನು ಹೇಳಿದೆ: ಮೊದಲು ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸಿ. ವಾಲ್ಮೀಕಿಯ ಗೂಡಿಗೂ ಬಾಣ ಬಿದ್ದಿರಲಿಲ್ಲ, ಬಿದ್ದದ್ದು ಪಕ್ಕದ ಮರಕ್ಕೆ. ನಿಮ್ಮ ಬೀದಿಯಲ್ಲಿ ಮರಗಳಿಗೆ ಕೊರತೆ ಇರಲಾರದು. ದುಃಖವನ್ನೇ ಬರೆಯಬೇಕೆಂಬ ಕಡ್ಡಾಯವೂ ಇಲ್ಲ.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಚೀಟಿ ಕಳುಹಿಸಿದ್ದಳು, ಹೆಸರು ಬರೆದಿರಲಿಲ್ಲ: “ಮಾತ್ರೆ ತೆಗೆದುಕೊಂಡರೆ ಚಿತ್ರ ಬರೆಯುವುದು ನಿಂತುಹೋಗುತ್ತದೆಯೇ?”

ಇದಕ್ಕೆ ಹಾರಿಕೆಯ ಉತ್ತರ ಕೊಡಬಾರದು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಔಷಧಿಯನ್ನು ಬಳಕೆಗೆ ತಂದವರಲ್ಲಿ ಪ್ರಮುಖರಾದ ಡೆನ್ಮಾರ್ಕಿನ ಮೊಗೆನ್ಸ್ ಶೌ, ಅದನ್ನು ತೆಗೆದುಕೊಳ್ಳುತ್ತಿದ್ದ 24 ಕಲಾವಿದರನ್ನು ಇದೇ ಪ್ರಶ್ನೆ ಕೇಳಿ 1979ರಲ್ಲಿ ಪ್ರಕಟಿಸಿದ್ದಾರೆ. 12 ಜನ ತಮ್ಮ ಕೆಲಸ ಹೆಚ್ಚಾಯಿತು ಎಂದರು, 6 ಜನ ಮೊದಲಿನಷ್ಟೇ ಇದೆ ಎಂದರು, 6 ಜನ ಕಡಿಮೆಯಾಯಿತು ಎಂದರು. ಸಣ್ಣ ಅಧ್ಯಯನ, ಅವರೇ ಹೇಳಿಕೊಂಡದ್ದು. ಇದರ ಮೇಲೆ ಮನೆ ಕಟ್ಟಲು ಆಗುವುದಿಲ್ಲ. ಕಡಿಮೆಯಾಯಿತು ಎಂದ ಆ ಆರು ಜನರನ್ನು ನಾನು ಬಚ್ಚಿಡುವುದೂ ಇಲ್ಲ. ನೀವು ಆ ಆರರಲ್ಲಿ ಒಬ್ಬರು ಎನ್ನಿಸಿದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ವೈದ್ಯರ ಬಳಿ ಹೋಗಿ, ನಾನು ಚಿತ್ರ ಬರೆಯುವವಳು, ನನಗೆ ಹೀಗಾಗುತ್ತಿದೆ ಎಂದು ಹೇಳಿ. ಪ್ರಮಾಣ ಬದಲಿಸಬಹುದು, ಔಷಧಿಯನ್ನೇ ಬದಲಿಸಬಹುದು. ಲಿಥಿಯಂನಿಂದ ಕೆಲವರಿಗೆ ಕೈ ನಡುಗುತ್ತದೆ; ಗುಮಾಸ್ತನಿಗೆ ಅದು ಸಣ್ಣ ತೊಂದರೆ, ಕುಂಚ ಹಿಡಿಯುವವರಿಗೆ ಅಲ್ಲ. ನೀವು ಹೇಳದೆ ವೈದ್ಯರಿಗೆ ಅದು ತಿಳಿಯುವುದಿಲ್ಲ. ಇನ್ನೂ ಯಾವ ವೈದ್ಯರನ್ನೂ ಕಂಡಿಲ್ಲವಾದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.